ಕುಂತ ಗಾಡಿಯ ನಾಡಿ

ಕೊಪ್ಪಳ ಸೀಮೆಯ ಇಟಗಿಯ ಮಹಾದೇವ ಗುಡಿಯ ಮುಂದೆ ಹಳೆಯ ಅಂಬಾಸಿಡರ್ ಒಂದು ಚಾಲೂ ಆಗದೆ ನಿಂತಿತೆಂದರೆ ಸುತ್ತ ನಾಲ್ಕು ಜನ ಸೇರುವುದಕ್ಕೆ ಹೊತ್ತು ಹಿಡಿಯುವುದಿಲ್ಲ. “ಯಾಕ್ರಿ, ಗಾಡಿ ಕುಂತೈತೇನ್ರಿ?” ಎಂಬುದು ಮೊದಲ ಪ್ರಶ್ನೆ. ನೊಗಕ್ಕೆ ಹೆಗಲು ಕೊಡದೆ ಮಂಡಿಯೂರಿದ ಎತ್ತಿಗೂ ಇದೇ ಮಾತು. ಎರಡನೆಯದು ಪ್ರಶ್ನೆಯಲ್ಲ, ಅಪ್ಪಣೆ: “ಸೆಲ್ಫ್ ಹೊಡೀರಿ, ನೋಡೂಣು.”

ಸೆಲ್ಫ್ ಹೊಡೆದಾಗ ಬರುವ ಸದ್ದಿನಲ್ಲೇ ಅರ್ಧ ಉತ್ತರ ಇರುತ್ತದೆ. ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ಸೊಲೆನಾಯ್ಡ್ ಎಳೆದುಕೊಂಡಿದೆ, ಮೋಟಾರಿಗೆ ಮಾತ್ರ ಕರೆಂಟು ತಲುಪಿಲ್ಲ. ‘ಟಕಟಕಟಕ’ ಎಂದರೆ ಬ್ಯಾಟರಿ ಸೋತಿದೆ, ಇಲ್ಲವೆ ಟರ್ಮಿನಲ್ ಸಡಿಲಾಗಿದೆ. ‘ಗುಂಯ್’ ಎಂದು ಬರಿದೇ ತಿರುಗಿದರೆ ಸೆಲ್ಫಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡಿಲ್ಲ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯ ತಪ್ಪಿಲ್ಲ, ಕಿಡಿಯದ್ದೋ ಪೆಟ್ರೋಲಿನದ್ದೋ ನೋಡಬೇಕು. ಏನೂ ಸದ್ದೇ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ ನೋಡುತ್ತಾರೆ. ದೀಪವೂ ಇಲ್ಲವೆಂದರೆ ಬಾನೆಟ್ ಎತ್ತಿ ಟರ್ಮಿನಲ್ ಮೇಲೆ ಕಟ್ಟಿದ ಬಿಳಿ-ಹಸಿರು ಬೂಷ್ಟಿಗೆ ಬಿಸಿನೀರು ಹೊಯ್ಯುವುದು, ಉಪ್ಪುಕಾಗದದಲ್ಲಿ ತಿಕ್ಕುವುದು, ಬಿಗಿದ ಮೇಲೆ ಒಂದಿಷ್ಟು ಗ್ರೀಸು ಸವರುವುದು. ಎಷ್ಟೋ ‘ದೊಡ್ಡ ರೋಗ’ಗಳು ಇಷ್ಟಕ್ಕೇ ಗುಣವಾಗುತ್ತವೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಗ್ಯಾರೇಜುಗಳಲ್ಲಿ ಈ ಕೆಲಸ ನಡೆಯುವಾಗ ಆಡುವ ಮಾತನ್ನು ಕಿವಿಗೊಟ್ಟು ಕೇಳಬೇಕು. ಕೈಯಲ್ಲಿ ಹಿಡಿಯುವ ಹತಾರದ ಹೆಸರು ಉರ್ದು, ಮರಾಠಿ ಕಡೆಯಿಂದ ಬಂದದ್ದು: ಪಾನಾ, ಪೇಚು, ಪಕ್ಕಡ್, ಹತೋಡಿ, ಕಾನಸು. ಬಿಚ್ಚುವ ಭಾಗದ ಹೆಸರು ಇಂಗ್ಲಿಷಿನದು: ಪ್ಲಗ್, ಪಾಯಿಂಟ್, ಕಾಯಿಲ್, ಕಾರ್ಬೊರೇಟರ್. ಆದರೆ ರೋಗದ ಹೆಸರು ಹೆಚ್ಚಾಗಿ ಅಚ್ಚ ಕನ್ನಡ. ಗಾಡಿ ಕುಂತೈತಿ, ಕೆಮ್ಮಾಕತ್ತೈತಿ, ಉಸಿರು ಕಟ್ಟೈತಿ, ಎಣ್ಣಿ ಕುಡ್ಯಾಕತ್ತೈತಿ. ಹತಾರ ಪೇಟೆಯಿಂದ ಬಂತು, ಯಂತ್ರ ಕಡಲಾಚೆಯಿಂದ ಬಂತು. ಅದರ ಸಂಕಟ ಹೇಳಲು ಮಾತ್ರ ಜನ ದನಕರುಗಳಿಗೂ ಮನುಷ್ಯರಿಗೂ ಬಳಸುತ್ತಿದ್ದ ಮಾತನ್ನೇ ತಂದರು. ಈ ಭಾಗದ ಮೋಟಾರು ಕಸುಬಿನ ಚರಿತ್ರೆಗೆ ದಾಖಲೆ ಹುಡುಕುವವರು ಮೊದಲು ಈ ಮೂರು ಪದರವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಪದರ ಬಿದ್ದದ್ದು ಸುಮ್ಮನೆ ಅಲ್ಲ. ಇಟಗಿ ಇದ್ದದ್ದು ಗಡಿಯಲ್ಲಿ. 1948ರ ಸೆಪ್ಟೆಂಬರ್‌ವರೆಗೆ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ರಾಜ್ಯ. ಪಕ್ಕದ ಲಕ್ಕುಂಡಿ, ಗದಗ ಮುಂಬೈ ಪ್ರಾಂತ. ಈ ಕಡೆ ಕಚೇರಿಯ ಭಾಷೆ ಉರ್ದು, ನಾಣ್ಯ ಹಾಲಿ ಸಿಕ್ಕಾ. ಆ ಕಡೆ ಬ್ರಿಟಿಷ್ ರೂಪಾಯಿ, ವ್ಯಾಪಾರದಲ್ಲಿ ಮರಾಠಿಯ ಗಾಳಿ. ಹತ್ತಿಯ ಜಿನ್ನು, ರೈಲು ಜಂಕ್ಷನ್ ಇದ್ದ ಗದಗೇ ಇಟಗಿಯವರಿಗೆ ಹತ್ತಿರದ ದೊಡ್ಡ ಪೇಟೆ. ಕೊಪ್ಪಳದಿಂದ ಬನ್ನಿಕೊಪ್ಪದ ಮೇಲೆ ಗದಗಿಗೆ ಹೋಗುವ ಹಾದಿಯಲ್ಲಿ ಕೆಟ್ಟುನಿಂತ ವಾಹನವೊಂದು ಎರಡು ಸರ್ಕಾರಗಳ ನಡುವೆ ಕೆಟ್ಟಂತೆ. (ಗದಗ ಜಿಲ್ಲೆಯ ಒಳಗೇ ಇನ್ನೊಂದು ಇಟಗಿ ಇದೆ, ಭೀಮಾಂಬಿಕೆಯ ಊರು. ದಾರಿ ಕೇಳುವವರು ಯಾವ ಇಟಗಿ ಎಂದು ಬಿಡಿಸಿ ಕೇಳಬೇಕು.)

ಮೋಟಾರು ಬರುವ ಮೊದಲು ಗಾಡಿಯೆಂದರೆ ಚಕ್ಕಡಿ. ಅಚ್ಚು ಮುರಿದರೆ ಬಡಿಗೇರ, ಪಟ್ಟಿ ಸಡಿಲಾದರೆ ಕಮ್ಮಾರ. ಇಬ್ಬರೂ ಊರಿನ ಆಯಗಾರರು. ಕೆಲಸಕ್ಕೊಂದು ಕೂಲಿ ಎಂದಿರಲಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ಅಳೆಸಿಕೊಂಡು ಬರುತ್ತಿದ್ದರು. ಮೋಟಾರಿನ ರಿಪೇರಿ ಈ ಲೆಕ್ಕಕ್ಕೆ ಒಗ್ಗಲಿಲ್ಲ. ಪ್ಲಗ್ಗಿಗೂ ಕಂಡೆನ್ಸರಿಗೂ ರೊಕ್ಕವೇ ಬೇಕು, ಅದೂ ಕೂಡಲೇ. ಹೀಗಾಗಿ ಮೆಕ್ಯಾನಿಕ್ ಎಂಬ ಕಸುಬುದಾರ ಊರಿನೊಳಗೆ ಬೆಳೆಯಲಿಲ್ಲ. ರಸ್ತೆಯ ಮೇಲೆ ಬೆಳೆದ. ಇಟಗಿಯಲ್ಲಿ ಕುಂತ ಗಾಡಿಗೆ ಕುಕನೂರಿನಿಂದಲೋ ಬನ್ನಿಕೊಪ್ಪದ ಕ್ರಾಸಿನಿಂದಲೋ ಕೊಪ್ಪಳದಿಂದಲೋ ಆಳನ್ನು ಕರೆತರಬೇಕಾಗಿತ್ತು. ಅಷ್ಟರಲ್ಲಿ ಗಾಡಿಯ ಯಜಮಾನನಿಗೆ ತಾನೇ ಕೈಯಾಡಿಸುವ ಚಪಲ. ಹಳ್ಳಿಯ ಡ್ರೈವರುಗಳೆಲ್ಲ ಅರ್ಧ ಮೆಕ್ಯಾನಿಕ್ ಆದದ್ದು ಹೀಗೆ.

ನಿಜಾಮರ ರಾಜ್ಯದಲ್ಲಿ ಮೋಟಾರು ಸಾರಿಗೆ ಬೇಗನೇ ಸರ್ಕಾರದ ಕೈಗೆ ಬಂತು. 1932ರಲ್ಲಿ ನಿಜಾಮರ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಶುರುವಾದಾಗ ಅದರ ಬಳಿ ಇದ್ದದ್ದು 27 ಬಸ್ಸು, ಎಲ್ಲವೂ ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಸ್ವಾತಂತ್ರ್ಯದ ನಂತರ 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂತು, ಅದರ ಹಿಂದೆಯೇ ಬಿಡಿಒ ಸಾಹೇಬರ ಜೀಪು. ಹಳ್ಳಿಯ ಹುಡುಗರು ಬಾನೆಟ್ ಎತ್ತಿದ ಯಂತ್ರವನ್ನು ಮೊದಲ ಬಾರಿ ಹತ್ತಿರದಿಂದ ಕಂಡದ್ದು ಬಹುಮಟ್ಟಿಗೆ ಈ ಜೀಪಿನಲ್ಲೇ. ಸರ್ಕಾರಿ ಜೀಪು ಕೆಡುವುದು ಹೆಚ್ಚು ಎಂಬ ಮಾತನ್ನು ಇಲ್ಲಿ ಆಡದೇ ಬಿಡುವುದು ಸೌಜನ್ಯ.

ಆಗಿನ ಗಾಡಿಗಳಿಗೆಲ್ಲ ಮುಂದೆ ಒಂದು ತೂತು, ಡಿಕ್ಕಿಯಲ್ಲಿ ಒಂದು ಹ್ಯಾಂಡಲ್. ಸೆಲ್ಫ್ ಕೈಕೊಟ್ಟರೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದು. ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಪಾಠ ಇತ್ತು. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆಗೇ ಇರಬೇಕು, ಆಚೆ ಬದಿಗೆ ಸುತ್ತಬಾರದು. ಕೆಳಕ್ಕೆ ಒತ್ತಬಾರದು, ಮೇಲಕ್ಕೆ ಎಳೆಯಬೇಕು. ಕಿಡಿ ಹೊತ್ತಿಗೆ ಮುಂಚೆಯೇ ಬಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆಗ ಸುತ್ತಿಕೊಂಡ ಹೆಬ್ಬೆರಳು ಮುರಿದಂತೆಯೇ. ಕೈ ಮುರಿದುಕೊಂಡವರು ಅಮೆರಿಕದಲ್ಲೂ ಇದ್ದರು. ಈ ಕಾಟಕ್ಕೆ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸ್ಟಾರ್ಟರ್, ಅಂದರೆ ನಮ್ಮ ಸೆಲ್ಫ್, ಕಂಡುಹಿಡಿದ, 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು.

ಕೆಟರಿಂಗ್ ಅದಕ್ಕೆ ಮೊದಲು ಅಂಗಡಿಯ ಗಲ್ಲಾಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿದ್ದ. ಗಲ್ಲಾದ ಡ್ರಾಯರು ತೆರೆಯಲು ಪುಟ್ಟ ಮೋಟಾರು ಕೂಡಿಸಿದ್ದ. ಅಲ್ಲಿ ಅವನಿಗೆ ಹೊಳೆದದ್ದು ಇಷ್ಟೇ: ಸಣ್ಣ ಮೋಟಾರಿಗೂ ಕೆಲವೇ ಕ್ಷಣದ ಮಟ್ಟಿಗೆ ತನ್ನ ಅಳತೆ ಮೀರಿದ ಭಾರ ಹೊರಿಸಬಹುದು, ಆಮೇಲೆ ಅದಕ್ಕೆ ಬಿಡುವು ಕೊಡಬೇಕು. ಇಂದಿಗೂ ಗ್ಯಾರೇಜಿನ ಉಸ್ತಾದರು ಬೈಯುವುದು ಇದೇ ಕಾರಣಕ್ಕೆ. “ಸೆಲ್ಫ್ ಹಿಡಕೊಂಡೇ ಕುಂದರಬ್ಯಾಡ್ರಿ, ಸುಟ್ಟೋಗತೈತಿ.” ಐದಾರು ಸೆಕೆಂಡು ಹೊಡೆದು, ಅರ್ಧ ನಿಮಿಷ ಬಿಟ್ಟು, ಮತ್ತೆ ಹೊಡೆಯಬೇಕು.

ಕಾರು ಈ ನಾಡಿನಲ್ಲೇ ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮುಖ್ಯರು. 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು, ಯೋಜನೆ ಬರೆದರು. ಆ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ಅವರೊಡನೆ ಓಡಾಡಿದ ವಾಲಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅಲ್ಲಿಂದ ಫಿಯೆಟ್ ಬಂತು, 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಾಯಿತು. ಅತ್ತ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲೇ ಅಂಬಾಸಿಡರ್ ತಯಾರಿಸತೊಡಗಿದ್ದು 1957ರ ಸುಮಾರಿಗೆ. ಕೊನೆಯ ಅಂಬಾಸಿಡರ್ ಹೊರಬಿದ್ದದ್ದು 2014ರಲ್ಲಿ. ಸುಮಾರು ಅರುವತ್ತು ವರ್ಷ ಒಂದೇ ಮುಖದ ಕಾರು ಓಡಿದ್ದರಿಂದ ಮೆಕ್ಯಾನಿಕ್‌ಗಳಿಗೆ ಒಂದು ಲಾಭವಾಯಿತು. ಅಪ್ಪನ ಕೈ ಕಲಿತದ್ದು ಮಗನ ಕಾಲಕ್ಕೂ ಹಳತಾಗಲಿಲ್ಲ.

ಬೆಂಗಳೂರಿಗೆ ಕಾರು ತಪ್ಪಿದರೂ ಕಿಡಿ ತಪ್ಪಲಿಲ್ಲ. 1951ರಲ್ಲಿ ಅಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಸ್ಥಾಪನೆಯಾಯಿತು. ಜರ್ಮನಿಯ ಬಾಷ್ ಸಂಸ್ಥೆಯ ಕೈಹಿಡಿದು ಅದು ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪು, ನಾಜಲುಗಳನ್ನೂ ತಯಾರಿಸಿತು. ಮುಂದೆ ಉತ್ತರ ಕರ್ನಾಟಕದ ಹಳ್ಳಿಯ ಸೈಕಲ್ ಅಂಗಡಿಯಲ್ಲೂ ‘ಮೈಕೋ ಪ್ಲಗ್’ ಸಿಗುವಂತಾಯಿತು. ಡಿಸ್ಟ್ರಿಬ್ಯೂಟರ್, ಸೆಲ್ಫ್, ಡೈನಮೊ ಮದ್ರಾಸಿನ ಲೂಕಾಸ್-ಟಿವಿಎಸ್‌ನಿಂದ ಬಂದವು. ಅದು 1961ರಲ್ಲಿ ಹುಟ್ಟಿದ್ದು. ಹೀಗೆ ಇಟಗಿಯಲ್ಲಿ ಕುಂತ ಕಾರಿನ ಮೈ ಕಲ್ಕತ್ತೆಯ ಕಡೆಯದು, ಪ್ಲಗ್ಗು ಬೆಂಗಳೂರಿನದು, ಸೆಲ್ಫು ಮದ್ರಾಸಿನದು, ಬಿಚ್ಚುವ ಪಾನಾ ಗದಗಿನ ಪೇಟೆಯದು.

ಸೆಲ್ಫ್ ತಿರುಗುತ್ತಿದೆ, ಎಂಜಿನ್ ಹತ್ತುತ್ತಿಲ್ಲ. ಈಗ ಉಸ್ತಾದನ ಪ್ರಶ್ನೆ ಎರಡೇ: ಕರೆಂಟ್ ಐತೋ? ಪೆಟ್ರೋಲ್ ಐತೋ? ಅವಸರದವರು ಕಾರ್ಬೊರೇಟರಿಗೆ ಕೈಹಾಕುತ್ತಾರೆ, ಕೆಲಸ ಕಲಿತವರು ಮೊದಲು ಕಿಡಿ ನೋಡುತ್ತಾರೆ. ಒಂದು ಪ್ಲಗ್ಗಿನ ವೈರು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಕಾಲು ಇಂಚು ದೂರ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳುವುದು. ಕಿಡಿ ನೀಲಿಯಾಗಿ ‘ಚಟ್ ಚಟ್’ ಎಂದು ಹಾರಿದರೆ ಕರೆಂಟಿನ ಕಡೆ ನೆಮ್ಮದಿ. ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ. ಕಿಡಿಯೇ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಬೇಕು.

ಮುಚ್ಚಳದ ಒಳಗಿನ ಪುಟ್ಟ ಲೋಕವನ್ನು ಸ್ವಲ್ಪ ನಿಂತು ನೋಡುವಂತಿದೆ. ನಡುವೆ ತಿರುಗುವ ರೋಟರ್. ಅದರ ಕೆಳಗೆ ನಾಲ್ಕು ಮೂಲೆಯ ಕ್ಯಾಮ್. ಕ್ಯಾಮಿಗೆ ಆತುಕೊಂಡ ಪಾಯಿಂಟು: ಎರಡು ಲೋಹದ ಗುಂಡಿಗಳು ಒಂದನ್ನೊಂದು ಮುಟ್ಟುತ್ತ, ಬಿಡುತ್ತ ಇರುತ್ತವೆ. ಮುಟ್ಟಿದಾಗ ಕಾಯಿಲಿನಲ್ಲಿ ಕರೆಂಟು ತುಂಬುತ್ತದೆ. ಬಿಟ್ಟ ಗಳಿಗೆಯಲ್ಲಿ ಬ್ಯಾಟರಿಯ 12 ವೋಲ್ಟು ಸಾವಿರಾರು ವೋಲ್ಟಾಗಿ ಚಿಮ್ಮಿ, ರೋಟರಿನ ಮೂಲಕ ಸರದಿಯ ಪ್ಲಗ್ಗಿಗೆ ಹೋಗುತ್ತದೆ. ಸರದಿ 1-3-4-2. ವೈರುಗಳನ್ನು ಬಿಚ್ಚಿ ಈ ಸರದಿ ತಪ್ಪಿಸಿ ಜೋಡಿಸಿದವನ ಗಾಡಿ ಕೆಮ್ಮುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ, ಹತ್ತುವುದಿಲ್ಲ. ಹ್ಯಾಂಡಲಿನ ಕಾಟ ತಪ್ಪಿಸಿದ ಆ ಕೆಟರಿಂಗನೇ ಬ್ಯಾಟರಿ-ಕಾಯಿಲ್-ಪಾಯಿಂಟಿನ ಈ ಏರ್ಪಾಟನ್ನೂ ರೂಢಿಗೆ ತಂದವನು.

ಪಾಯಿಂಟಿನ ನಡುವಿನ ಸಂದು 15 ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಹದಿನೈದು. ಮಿಲಿಮೀಟರಿನ ಲೆಕ್ಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ. ಅಳೆಯಲು ಫೀಲರ್ ಗೇಜ್ ಎಂಬ ತೆಳುಪಟ್ಟಿ ಬೇಕು. ಅದಿಲ್ಲದ ಕಡೆ ದಪ್ಪ ಲಗ್ನಪತ್ರಿಕೆಯ ಚೂರೇ ಗೇಜು. ಪಾಯಿಂಟು ಸುಟ್ಟು ಕಪ್ಪಾಗಿದ್ದರೆ ಕಡ್ಡಿಪೆಟ್ಟಿಗೆಯ ಗೀರುವ ಬದಿಯನ್ನು ಹರಿದು ನಡುವೆ ತೂರಿಸಿ ನಾಲ್ಕು ಸಲ ಎಳೆದರಾಯಿತು. ಇದು ಶಾಸ್ತ್ರವಲ್ಲ, ಆದರೆ ಊರು ಮುಟ್ಟಿಸುವ ಉಪಾಯ. ಕಂಡೆನ್ಸರ್ ಸತ್ತಿದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಅದಕ್ಕೇ ದೂರ ಹೋಗುವ ಡ್ರೈವರುಗಳು ಹಳೆಯ ಬನಿಯನ್ ತುಂಡಿನಲ್ಲಿ ಒಂದು ಜೋಡಿ ಪಾಯಿಂಟು, ಒಂದು ಕಂಡೆನ್ಸರ್ ಸುತ್ತಿ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಿದ್ದರು. ಮಳೆಗಾಲದಲ್ಲಿ ಮುಚ್ಚಳದೊಳಗೆ ಪಸೆ ಹಿಡಿದರೂ ಕಿಡಿ ದಾರಿ ತಪ್ಪುತ್ತದೆ. ಒಣಬಟ್ಟೆಯಲ್ಲಿ ಒರೆಸುವುದೇ ಅದಕ್ಕೆ ಮದ್ದು.

ಮಳೆಗಾಲದ ಇನ್ನೊಂದು ಫಜೀತಿ ಈ ನೆಲದ್ದು. ಇಟಗಿ, ಕುಕನೂರು, ಯಲಬುರ್ಗಾದ ಸುತ್ತ ಎರೆ ಭೂಮಿ. ಬ್ಯಾಟರಿ ಸತ್ತ ಗಾಡಿಯನ್ನು ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಒತ್ತಿ, ನಾಲ್ಕು ಜನ ದೂಡಿ, ಓಟ ಹಿಡಿದಾಗ ಕ್ಲಚ್ ಬಿಟ್ಟು ಚಾಲೂ ಮಾಡುವುದು ಎಲ್ಲ ಕಡೆಯ ರೂಢಿ. ಎರೆಯ ಕೆಸರಿನಲ್ಲಿ ದೂಡುವವರ ಕಾಲೇ ನಿಲ್ಲುವುದಿಲ್ಲ. ಆಗ ಎತ್ತು ಕಟ್ಟಿ ಎಳೆಸುವುದು. ಚಕ್ಕಡಿಯನ್ನು ಹಿಂದಿಕ್ಕಿ ಹೋದ ಕಾರಿಗೆ ಎತ್ತು ಹೂಡಿದ ದಿನ ಊರಿಗೆಲ್ಲ ಹಬ್ಬ. ಕೊಪ್ಪಳದ ಗವಿಮಠದ ಜಾತ್ರೆ ಬರುವುದು ಜನವರಿಯ ಚಳಿಯಲ್ಲಿ. ಆಗ ನೆಲ ಗಟ್ಟಿ, ದೂಡಲು ಜನಕ್ಕೂ ಬರವಿಲ್ಲ. ಬೆಳಗಿನ ಚಳಿಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಸಾಕಾಗುತ್ತಿತ್ತು. ಎಂಜಿನ್ ಬಿಸಿಯಿರುವಾಗ ಅದೇ ಚೋಕ್ ಎಳೆದವನು ಮಾತ್ರ ಕೆಟ್ಟ. ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ತೋಯ್ದು, ‘ಓವರ್’ ಆಗಿ ಗಾಡಿ ಮತ್ತಷ್ಟು ಗಟ್ಟಿಯಾಗಿ ಕೂರುತ್ತದೆ. ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ತಳಮಟ್ಟ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು; ಗಾಳಿ ಒಳಗೆ ನುಗ್ಗಿ ಹೆಚ್ಚಾದ ಪೆಟ್ರೋಲು ಹೊರಹೋಗುತ್ತದೆ.

ಬೇಸಿಗೆಯ ರೋಗ ಬೇರೆಯೇ. ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಗದಗಿನಿಂದ ಒಂದೇ ಉಸಿರಿಗೆ ಬಂದ ಕಾರನ್ನು ಗುಡಿಯ ಮುಂದೆ ನಿಲ್ಲಿಸಿ, ಅರ್ಧ ತಾಸು ಕೆತ್ತನೆ ನೋಡಿ ಬಂದರೆ ಗಾಡಿ ಹತ್ತುವುದಿಲ್ಲ. ಕಿಡಿ ಚೆನ್ನಾಗಿದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ಎಂಜಿನ್ ನಿಂತ ಮೇಲೆ ಬಾನೆಟ್ಟಿನೊಳಗಿನ ಝಳ ಇನ್ನೂ ಏರಿ, ಪೈಪು ಮತ್ತು ಪಂಪಿನೊಳಗಿನ ಪೆಟ್ರೋಲು ಆವಿಯಾಗಿರುತ್ತದೆ. ಪಂಪಿನ ಡಯಾಫ್ರಾಮ್ ದ್ರವವನ್ನು ಎತ್ತಬಲ್ಲದು, ಆವಿಯನ್ನಲ್ಲ. ಪುಸ್ತಕದಲ್ಲಿ ಇದಕ್ಕೆ ವೇಪರ್ ಲಾಕ್ ಎಂದು ಹೆಸರು. ಗ್ಯಾರೇಜಿನಲ್ಲಿ ‘ಉಸಿರು ಕಟ್ಟೈತಿ’. ಮದ್ದು ಸುಲಭ: ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಬಾನೆಟ್ ತೆರೆದಿಟ್ಟು, ನೆರಳಿನಲ್ಲಿ ಒಂದು ಚಹಾ ಕುಡಿಯುವುದು. ಚಹಾ ಮುಗಿದ ಮೇಲೆ ಪಂಪಿನ ಕೆಳಗಿನ ಪುಟ್ಟ ಕೈಯನ್ನು ಒತ್ತಿ ಪೆಟ್ರೋಲು ಏರಿಸುವುದು. ಇದು ತಿಳಿಯದವರು ಅದೇ ಮಧ್ಯಾಹ್ನ ಹೊಸ ಕಾಯಿಲು, ಹೊಸ ಪ್ಲಗ್ಗು ಹಾಕಿಸಿಕೊಂಡು, ಅಷ್ಟರಲ್ಲಿ ಎಂಜಿನ್ ಆರಿ ತಾನಾಗಿ ಚಾಲೂ ಆದದ್ದನ್ನು ಆ ಕಾಯಿಲಿನ ಮಹಿಮೆ ಎಂದು ನಂಬಿ ದುಡ್ಡು ಕೊಟ್ಟು ಬಂದಿದ್ದಾರೆ.

ಪೆಟ್ರೋಲಿನ ತಕರಾರು ಇನ್ನೂ ಹಲವು. ಹಳೆಯ ಟ್ಯಾಂಕಿನ ತಳದ ತುಕ್ಕು, ಕಚರಾ ಬಂದು ಜೆಟ್ಟಿನಲ್ಲಿ ಸಿಕ್ಕುತ್ತದೆ. ಜೆಟ್ ಬಿಚ್ಚಿ ಬಾಯಿಂದ ಊದುತ್ತಾರೆ. ಸೀಮೆಎಣ್ಣೆ ಬೆರಕೆಯನ್ನು ಅಂಗೈಗೆ ಒಂದು ಹನಿ ಬಿಟ್ಟು ಮೂಸಿ ಹೇಳುತ್ತಾರೆ: ಪೆಟ್ರೋಲು ತಣ್ಣಗೆ ಹಾರಿಹೋಗುತ್ತದೆ, ಸೀಮೆಎಣ್ಣೆ ಜಿಡ್ಡು ಬಿಡುತ್ತದೆ. ಎಲ್ಲಕ್ಕಿಂತ ಮೊದಲು ಟ್ಯಾಂಕಿಗೆ ಒಂದು ಕಡ್ಡಿ ಇಳಿಬಿಟ್ಟು ನೋಡುವುದು ಜಾಣತನ, ಏಕೆಂದರೆ ಅಂಬಾಸಿಡರಿನ ಮುಳ್ಳು ನಂಬುವಂಥದ್ದಲ್ಲ.

ಡೀಸೆಲ್ ಬಂದ ಮೇಲೆ ಪಾಯಿಂಟು, ಪ್ಲಗ್ಗಿನ ಪಾಠ ಅರ್ಧ ಮರೆಯಿತು. ಜೀಪು, ಟ್ರ್ಯಾಕ್ಸು, ಗಂಗಾವತಿಯ ಭತ್ತದ ಲಾರಿ ಎಲ್ಲಕ್ಕೂ ಒಂದೇ ಮುಖ್ಯ ರೋಗ, ‘ಏರ್ ಹಿಡಿಯೋದು’. ಪೈಪಿನೊಳಗೆ ಗಾಳಿ ಸೇರಿದರೆ ಪಂಪು ಡೀಸೆಲ್ ತಳ್ಳಲಾರದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನಿಂತು ಎಣ್ಣೆ ಏಕಧಾರೆಯಾಗಿ ಬರುವವರೆಗೆ ಕಾಯಬೇಕು. ಇದನ್ನು ಕಲಿಯದ ಕ್ಲೀನರ್ ಹುಡುಗ ಈ ಸೀಮೆಯಲ್ಲಿ ಸಿಗುವುದು ಅಪರೂಪ.

ಕಲಿಕೆಗೆ ಐಟಿಐ ಇತ್ತು. ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆ 1950ರಿಂದಲೇ ಇದೆ. ಆದರೆ ಹೆಚ್ಚಿನವರು ಕಲಿತದ್ದು ಉಸ್ತಾದನ ಕೈಕೆಳಗೆ. ಮೊದಲ ವರ್ಷ ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುವುದು, ಚಹಾ ತರುವುದು. ಎರಡನೆಯ ವರ್ಷ ಕೇಳಿದ ನಂಬರಿನ ಪಾನಾ ನೋಡದೆ ಕೊಡುವುದು. ಕಿಡಿ ನೋಡುವ ವೈರು ಹಿಡಿಯಲು ಹೇಳಿ ಶಾಕ್ ಹೊಡೆಸುವುದು ಎಲ್ಲ ಗ್ಯಾರೇಜುಗಳ ದೀಕ್ಷೆ. ನೋಟ್‌ಬುಕ್ ಇಲ್ಲ, ಪರೀಕ್ಷೆ ಇಲ್ಲ. ಒಂದು ದಿನ ಉಸ್ತಾದ ಊಟಕ್ಕೆ ಹೋದಾಗ ಬಂದ ಗಾಡಿಯನ್ನು ಹುಡುಗ ಒಬ್ಬನೇ ಚಾಲೂ ಮಾಡಿ ಕಳಿಸಿದರೆ ಅವನು ಪಾಸು.

ಈ ವಿದ್ಯೆ ಸೊರಗತೊಡಗಿದ್ದು 2000ದ ಸುಮಾರಿಗೆ. ಆ ವರ್ಷ ಸೀಸ ಬೆರೆತ ಪೆಟ್ರೋಲು ದೇಶದಲ್ಲಿ ನಿಂತಿತು, ಹೊಗೆಯ ಹೊಸ ಕಟ್ಟುಪಾಡು ಬಂತು, ಹೊಸ ಕಾರುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಟರ್ ಕೂತಿತು. 1983ರ ಡಿಸೆಂಬರಿನಲ್ಲಿ ಕಾರ್ಬೊರೇಟರ್ ಹೊತ್ತು ಬಂದ ಮಾರುತಿ 800 ಕೂಡ ಈ ಹೊತ್ತಿಗೆ ಇಂಜೆಕ್ಷನ್ನಿಗೆ ತಿರುಗಿತು. ಪಾಯಿಂಟು ಹೋಯಿತು, ಕಂಡೆನ್ಸರ್ ಹೋಯಿತು. 2017ರ ಏಪ್ರಿಲಿನಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲಿನಿಂದ ಬಿಎಸ್-6. ಈಗ ಗ್ಯಾರೇಜಿನ ಹುಡುಗ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ, ತೆರೆಯ ಮೇಲಿನ ಕೋಡು ಓದುತ್ತಾನೆ. ಸ್ಕ್ಯಾನರಿನ ಮುಂದೆ ಹಳೆಯ ಉಸ್ತಾದ ಸುಮ್ಮನೆ ನಿಲ್ಲುತ್ತಾನೆ. ಪದ್ಮಿನಿಯ ಮುಂದೆ ಸ್ಕ್ಯಾನರಿನ ಹುಡುಗನ ಸ್ಥಿತಿಯೂ ಅದೇ. ಚುಚ್ಚಲು ಅಲ್ಲಿ ಜಾಗವೇ ಇಲ್ಲ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಉಳಿದುಕೊಂಡ ಅಂಬಾಸಿಡರುಗಳಲ್ಲಿ ಕೆಲವು ಆಗ ಗುಜರಿಗೆ ಹೋದವು, ಕೆಲವು ಧಣಿಗಳ ಮನೆಯ ಶೆಡ್ಡಿನಲ್ಲಿ ತಾಡಪಾಲಿನ ಕೆಳಗೆ ಕೂತವು.

ಶೆಡ್ಡಿನಲ್ಲಿ ಕೂತದ್ದನ್ನು ಯಾರಾದರೂ ಮತ್ತೆ ಎಬ್ಬಿಸಹೊರಟರೆ ಬಹಳ ಸಲ ಕೊನೆಗೆ ಸಿಕ್ಕಿಬೀಳುವ ಕಳ್ಳ ಡೈನಮೊ. ಹೊಸ ಬ್ಯಾಟರಿ ಹಾಕಿದರೆ ಎರಡು ದಿನ ಚಾಲೂ, ಮೂರನೆಯ ದಿನ ‘ಟಕಟಕ’. ಬ್ಯಾಟರಿಗೆ ಚಾರ್ಜೇ ಹೋಗುತ್ತಿಲ್ಲ. ಡೈನಮೊ ಬಿಚ್ಚಿ ಆರ್ಮೇಚರ್ ಹೊರತೆಗೆದರೆ, ಬ್ರಷ್ಷು ತಿಕ್ಕಿ ತಿಕ್ಕಿ ತಾಮ್ರದ ಉಂಗುರ ಗುಳಿಬಿದ್ದಿರುತ್ತದೆ. ಅದನ್ನು ಲೇತಿಗೆ ಹಿಡಿಸಬೇಕು. ಲೇತ್ ಈ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಇಟಗಿಯ ಗುಡಿಯಲ್ಲಿ, ಮೆದುವಾದ ಬಳಪದ ಕಲ್ಲಿನ ಕಂಬಗಳನ್ನು ತಿರುಗಣಿಗೆ ಹಿಡಿದು ಕಡೆದ ಉಂಗುರಗಳು ಇಂದಿಗೂ ಕನ್ನಡಿಯ ಹಾಗೆ ಹೊಳೆಯುತ್ತವೆ.

ಕೊಪ್ಪಳದ ಲೇತ್ ಅಂಗಡಿಯಲ್ಲಿ ಆರ್ಮೇಚರ್ ತಿರುಗುತ್ತದೆ. ಉಳಿ ತಾಗಿದಲ್ಲಿ ತಾಮ್ರದ ಸಿಪ್ಪೆ ಸುರುಳಿಯಾಗಿ ಏಳುತ್ತದೆ, ಕಪ್ಪಾದದ್ದು ಕೆಂಪಗೆ ಬೆಳಗುತ್ತದೆ. ಇಳಿಸಿದ ಮೇಲೆ ಇನ್ನೂ ಒಂದು ಕೆಲಸ ಉಳಿದಿದೆ. ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಒಂದೊಂದೇ ಗೆರೆಯಾಗಿ ಕೆರೆದು ತಗ್ಗಿಸಬೇಕು. ಇಲ್ಲದಿದ್ದರೆ ಬ್ರಷ್ಷು ಮೈಕಾದ ಮೇಲೆ ಕುಣಿಯುತ್ತದೆ. ಮೇಜಿನ ಮೇಲೆ ಸೆಲ್ಫಿನ ಆರ್ಮೇಚರೂ ಬಿದ್ದಿದೆ. ಹುಡುಗ ಉಮೇದಿನಿಂದ ಅದಕ್ಕೂ ಬ್ಲೇಡು ಹಚ್ಚುವಷ್ಟರಲ್ಲಿ ಉಸ್ತಾದ ಕೈ ಹಿಡಿಯುತ್ತಾನೆ. “ಅದನ್ನ ಕೆರೀಬ್ಯಾಡೋ ತಮ್ಮಾ, ಡೈನಮೊದ್ದು ಅಷ್ಟ ಕೆರೀಬೇಕು.”